ಪಾತ್ರೆ ತೊಳೆದ ಕಥೆ ಸಾಕು, ಪಿಯಾನೋ ಕೇಳೋಣ

ನಮಸ್ಕಾರ. ಸೆಸಿಲ್ ಟೇಲರ್ ಹೆಸರು ಬಂದರೆ ಒಂದು ಕಥೆ ಬಂದೇ ಬರುತ್ತದೆ. ಈ ಜಾಝ್ ಪಿಯಾನೋ ವಾದಕ ಹೊಟ್ಟೆಪಾಡಿಗೆ ಪಾತ್ರೆ ತೊಳೆದರು, ಛಲ ಬಿಡಲಿಲ್ಲ, ಕೊನೆಗೆ ದೊಡ್ಡ ಪ್ರಶಸ್ತಿಗಳು ಹುಡುಕಿಕೊಂಡು ಬಂದವು. ಕೇಳಿದವರಿಗೆ ಸ್ಫೂರ್ತಿ, ಹೇಳಿದವರಿಗೆ ವ್ಯೂಸ್. ನನಗೆ ಮಾತ್ರ ಸಿಟ್ಟು ಬರುತ್ತದೆ.

ಪಾತ್ರೆ ತೊಳೆದದ್ದು ನಿಜ. ಆದರೆ ಆ ವರ್ಷಗಳಲ್ಲಿ ಏನು ಹಾಳಾಯಿತು ಅಂತ ಯಾರೂ ಕೇಳುವುದಿಲ್ಲ, ಅಲ್ವಾ?

ಟೇಲರ್ ಹುಟ್ಟಿದ್ದು 1929ರಲ್ಲಿ, ನ್ಯೂಯಾರ್ಕಿನಲ್ಲಿ. ಅಮ್ಮನ ಒತ್ತಾಯದಿಂದ ಪಿಯಾನೋ ಮುಂದೆ ಕೂತ ಹುಡುಗ. ಮುಂದೆ ಬಾಸ್ಟನ್ನಿನ ನ್ಯೂ ಇಂಗ್ಲೆಂಡ್ ಕನ್ಸರ್ವೇಟರಿಯಲ್ಲಿ ಓದಿದರು. ಪಾಶ್ಚಾತ್ಯ ಶಾಸ್ತ್ರೀಯ ಸಂಗೀತದ ಬಾರ್ಟೋಕ್, ಸ್ಟ್ರಾವಿನ್ಸ್ಕಿ ಕೃತಿಗಳು ಚೆನ್ನಾಗಿ ಗೊತ್ತಿದ್ದವು. ಜಾಝ್ ದಿಗ್ಗಜ ಡ್ಯೂಕ್ ಎಲಿಂಗ್ಟನ್ ಅಂದರೆ ಪ್ರಾಣ. ಇದನ್ನೆಲ್ಲ ಯಾಕೆ ಹೇಳುತ್ತಿದ್ದೇನೆ ಅಂದರೆ, ಅವರನ್ನು ಮೊದಲ ಸಲ ಕೇಳಿದವರು "ಇದೇನಪ್ಪ, ಸುಮ್ನೆ ಕೀ ಬಡೀತಿದ್ದಾರೆ" ಅಂತಾರೆ. ಬಡಿಯುತ್ತಿದ್ದರು, ಹೌದು. ಅಂಗೈಯಲ್ಲಿ, ಮುಂಗೈಯಲ್ಲಿ ಕೂಡ. ಸುಮ್ನೆ ಅಲ್ಲ ಅಷ್ಟೇ.

ಪಿಯಾನೋಗೆ 88 ಕೀ; ಅವರ ಪಿಯಾನೋವನ್ನು ಶ್ರುತಿ ಮಾಡಿದ 88 ಡ್ರಮ್ಮುಗಳು ಅಂತ ಕರೆದವರಿದ್ದಾರೆ. ಕಿವಿಗೆ ಇಷ್ಟು ಸುಳಿವು ಸಾಕು. ಗುನುಗುವ ಟ್ಯೂನ್ ಹುಡುಕಲು ಹೋಗಬೇಡಿ. ಒಂದು ಚಿಕ್ಕ ತುಣುಕು ಬರುತ್ತದೆ. ಎಡಗೈ ಅದನ್ನು ಕೆಳಗೆ ಗುಡುಗಿಸುತ್ತದೆ, ಬಲಗೈ ಮೇಲೆ ಉತ್ತರ ಕೊಡುತ್ತದೆ. ಮತ್ತೆ ಅದೇ ತುಣುಕು, ಈ ಸಲ ಜಾಸ್ತಿ ವೇಗ, ಬೇರೆ ತೂಕ. ಇದು ದಿನಾ ಗಂಟೆಗಟ್ಟಲೆ ಕೂತು ಸಾಧಿಸಿದ ಕೈ.

ಈಗ ಆ ಕಾಣೆಯಾದ ವರ್ಷಗಳಿಗೆ ಬರೋಣ. 1956ರಲ್ಲಿ ಮೊದಲ ಆಲ್ಬಮ್, 'ಜಾಝ್ ಅಡ್ವಾನ್ಸ್'. 1957ರಲ್ಲಿ ಅಮೆರಿಕದ ದೊಡ್ಡ ಜಾಝ್ ಉತ್ಸವ ನ್ಯೂಪೋರ್ಟ್‌ನಲ್ಲಿ ಕಛೇರಿ. 1962ರಲ್ಲಿ ಕೋಪನ್‌ಹೇಗನ್ನಿನ ಕೆಫೆ ಮೋಂಮಾರ್ತ್ರ್‌ನಲ್ಲಿ ಜಿಮ್ಮಿ ಲಯನ್ಸ್ ಸ್ಯಾಕ್ಸೊಫೋನ್, ಸನ್ನಿ ಮರ್ರೆ ಡ್ರಮ್ಸ್ ಜೊತೆ ನುಡಿಸಿದ್ದು ರೆಕಾರ್ಡ್ ಆಯಿತು. ತಾಳದ ಲೆಕ್ಕವನ್ನೇ ಬಿಟ್ಟು ಮೂವರೂ ಓಡುತ್ತಾರೆ. ಇಷ್ಟಾದ ಮೇಲೆ 1966ರಲ್ಲಿ ಬ್ಲೂ ನೋಟ್ ಅನ್ನುವ ಜಾಝ್ ರೆಕಾರ್ಡ್ ಕಂಪನಿ ಕರೆಯುವ ತನಕ ಅವರ ಹೆಸರಲ್ಲಿ ಒಂದು ಸ್ಟುಡಿಯೋ ಆಲ್ಬಮ್ ಇಲ್ಲ! ವಯಸ್ಸು ಮೂವತ್ತರ ಆಸುಪಾಸು, ಕೈಯಲ್ಲಿ ಪೂರ್ತಿ ಕಸುವು. ಕ್ಲಬ್ಬಿನವರು ಕರೆಯುತ್ತಿರಲಿಲ್ಲ. ಮನೆಯಲ್ಲೇ ಕೂತು, ಎದುರಿಗೆ ಜನ ಇದ್ದಾರೆ ಅಂತ ಊಹಿಸಿಕೊಂಡು ಕಛೇರಿ ನುಡಿಸುತ್ತಿದ್ದರಂತೆ. ಆ ಸಂಗೀತ ನಮಗೆ ಯಾವತ್ತೂ ಸಿಗುವುದಿಲ್ಲ. ಇದರಲ್ಲಿ ಸ್ಫೂರ್ತಿ ಎಲ್ಲಿದೆ ಹೇಳಿ?

ಪ್ರಶಸ್ತಿಗಳು ಬಂದವು, ಇಲ್ಲ ಅನ್ನುವುದಿಲ್ಲ. 1978ರಲ್ಲಿ ಶ್ವೇತಭವನದ ಹುಲ್ಲುಹಾಸಿನಲ್ಲಿ ಜಿಮ್ಮಿ ಕಾರ್ಟರ್ ಮುಂದೆ ನುಡಿಸಿದರು. 1991ರಲ್ಲಿ ಅಮೆರಿಕದ ಹೆಸರಾಂತ ಮ್ಯಾಕ್‌ಆರ್ಥರ್ ಫೆಲೋಶಿಪ್. 2013ರಲ್ಲಿ ಜಪಾನಿನ ಕ್ಯೋಟೋ ಪ್ರಶಸ್ತಿ, 5 ಕೋಟಿ ಯೆನ್. ಆಗ ವಯಸ್ಸು 84. ಆ ದುಡ್ಡನ್ನೂ ಸ್ನೇಹ ಬೆಳೆಸಿದ ಒಬ್ಬ ಕಟ್ಟಡದ ಕಾಂಟ್ರಾಕ್ಟರ್ ಲಪಟಾಯಿಸಿದ, ಆಮೇಲೆ ಕೋರ್ಟಿನಲ್ಲಿ ತಪ್ಪೊಪ್ಪಿಕೊಂಡ. ಸುಖಾಂತ್ಯದ ಕಥೆ ಹೇಳುವವರು ಈ ಭಾಗ ಬಂದಾಗ ಮೆಲ್ಲಗೆ ಜಾರಿಕೊಳ್ಳುತ್ತಾರೆ.

ನನ್ನ ಪ್ರಕಾರ ಅವರನ್ನು ಉಳಿಸಿದ್ದು ಪ್ರಶಸ್ತಿ ಅಲ್ಲ, ಜಿಮ್ಮಿ ಲಯನ್ಸ್. 1961ರ ಹೊತ್ತಿಗೆ ಬಂದು ಸೇರಿದವರು 1986ರಲ್ಲಿ ಸಾಯುವ ತನಕ ಜೊತೆಗೇ ಇದ್ದರು. ಜಾಸ್ತಿ ಹೆಸರು ಸಿಗುವ ಬ್ಯಾಂಡ್ ಬೇಕಾದಷ್ಟಿದ್ದವು. ಟೇಲರ್ 2018ರಲ್ಲಿ ತೀರಿಕೊಂಡಾಗ ಬಂದ ಬರಹಗಳಲ್ಲೂ ಲಯನ್ಸ್‌ಗೆ ಸಿಕ್ಕಿದ್ದು ಒಂದೆರಡು ಸಾಲು.

ಎಲ್ಲಿಂದ ಶುರು ಮಾಡಬೇಕು? 'ಜಾಝ್ ಅಡ್ವಾನ್ಸ್'ನಲ್ಲಿ ಜಾಝ್ ಪಿಯಾನೋ ವಾದಕ ಥೆಲೋನಿಯಸ್ ಮಂಕ್ ಅವರ 'ಬೆಮ್ಶಾ ಸ್ವಿಂಗ್' ಇದೆ, ಟ್ಯೂನ್ ಇನ್ನೂ ಕೈಗೆ ಸಿಗುತ್ತದೆ. ಅದಾದ ಮೇಲೆ 1974ರ 'ಸೈಲೆಂಟ್ ಟಂಗ್ಸ್', ಸ್ವಿಟ್ಜರ್ಲೆಂಡಿನ ಮೋಂತ್ರೋದಲ್ಲಿ ಒಬ್ಬರೇ ಕೂತು ನುಡಿಸಿದ್ದು. ಹತ್ತು ನಿಮಿಷಕ್ಕೇ ತಲೆ ಸಿಡಿದರೆ ನಿಲ್ಲಿಸಿ, ಕಾಫಿ ಕುಡಿದು ಮತ್ತೆ ಹಾಕಿ. ಮೊಬೈಲ್ ಸ್ಪೀಕರಿನಲ್ಲಿ ಮಾತ್ರ ಬೇಡ, ಎಡಗೈ ಪೂರ್ತಿ ಸತ್ತುಹೋಗುತ್ತದೆ.