ಮೂಳೆ ಕೂಡಿದ ಮೇಲೂ ಉಳಿಯುವ ನೋವು

ಕೇಳುಗರಿಗೆ ನಮಸ್ಕಾರ.

ಮೂಡಿಗೆರೆ, ಸಕಲೇಶಪುರದ ಕಡೆ ಕಾಳುಮೆಣಸಿನ ಕುಯ್ಲು ಶುರುವಾಯಿತೆಂದರೆ ಏಣಿಯಿಂದ ಬಿದ್ದವರು ಆಸ್ಪತ್ರೆಗೆ ಬರುವುದೂ ಶುರು. ಸಿಲ್ವರ್ ಮರಕ್ಕೆ ಒರಗಿಸಿದ ಏಣಿ, ಸೊಂಟಕ್ಕೆ ಕಟ್ಟಿದ ಚೀಲ, ಇಬ್ಬನಿಗೆ ಜಾರುವ ಮೆಟ್ಟಿಲು. ಮುರಿದ ಮೂಳೆ ಹೇಗೋ ಕೂಡಿಕೊಳ್ಳುತ್ತದೆ. ಆದರೆ ಆರು ತಿಂಗಳು ಕಳೆದ ಮೇಲೂ, "ಡಾಕ್ಟ್ರೇ, ರಾತ್ರಿ ಮಗ್ಗುಲು ಬದಲಿಸೋಕಾಗಲ್ಲ" ಎಂದು ಬರುವವರಿದ್ದಾರೆ. ಎಕ್ಸ್‌-ರೇ ನೋಡಿದರೆ ಎಲ್ಲ ಸರಿ. ಅಷ್ಟರಲ್ಲಿ ತೋಟದಲ್ಲಿ ಮಾತು ಹುಟ್ಟಿರುತ್ತದೆ: ಕೆಲಸ ತಪ್ಪಿಸಲು ನಾಟಕ ಅಂತ.

ನಾಟಕವಲ್ಲ. ಆ ಮಾತು ಕೇಳಿದಾಗಲೆಲ್ಲ ನನಗೆ ಸಂಕಟವಾಗುತ್ತದೆ.

ಮೂರು ತಿಂಗಳು ದಾಟಿದ ನೋವಿಗೆ ದೀರ್ಘಕಾಲದ ನೋವು ಎನ್ನುತ್ತೇವೆ. 2022ರಲ್ಲಿ ಜಾರಿಗೆ ಬಂದ ವಿಶ್ವ ಆರೋಗ್ಯ ಸಂಸ್ಥೆಯ ರೋಗಪಟ್ಟಿಯಲ್ಲಿ ಅದಕ್ಕೆ ಪ್ರತ್ಯೇಕ ಸ್ಥಾನವಿದೆ. ಗಾಯ ದೊಡ್ಡದಾದಷ್ಟೂ ನೋವು ದೊಡ್ಡದು ಎಂಬ ಲೆಕ್ಕ ಸುಳ್ಳೆಂದು ಎರಡನೇ ಮಹಾಯುದ್ಧದಲ್ಲೇ ಅಮೆರಿಕದ ಡಾಕ್ಟರ್ ಹೆನ್ರಿ ಬೀಚರ್ ಕಂಡಿದ್ದರು. ಭಾರಿ ಗಾಯವಾದ ಎಷ್ಟೋ ಸೈನಿಕರು ಹೆಚ್ಚು ನೋವಿಲ್ಲ ಎನ್ನುತ್ತಿದ್ದರು. ಇದರ ಇನ್ನೊಂದು ಮುಖ 1983ರಲ್ಲಿ ತಿಳಿಯಿತು. ಪೆಟ್ಟಾದ ಮೇಲೆ ಬೆನ್ನುಹುರಿಯೊಳಗಿನ ನರಗಳೇ ಕೆರಳಿ ಕೂರುತ್ತವೆ ಎಂದು ವಿಜ್ಞಾನಿ ಕ್ಲಿಫರ್ಡ್ ವೂಲ್ಫ್ ಇಲಿಗಳ ಮೇಲಿನ ಪ್ರಯೋಗದಲ್ಲಿ ತೋರಿಸಿದರು. ಹಾಗೆ ಕೆರಳಿದವರಿಗೆ ಸೀರೆಯ ಅಂಚು ತಾಗಿದರೂ ಉರಿ. ಎಕ್ಸ್‌-ರೇಯಲ್ಲಿ ಮೂಳೆ ಕಾಣುತ್ತದೆ, ನರದ ಕೆರಳಿಕೆ ಕಾಣುವುದಿಲ್ಲ.

ಹಾಗಾದರೆ ಏನು ಮಾಡಬೇಕು? ಅಂಗಡಿಯ ನೋವಿನ ಮಾತ್ರೆ ತಿಂಗಳುಗಟ್ಟಲೆ ನುಂಗಬೇಡಿ, ಹೊಟ್ಟೆ, ಕಿಡ್ನಿ ಎರಡಕ್ಕೂ ಪೆಟ್ಟು. ಉರಿ, ಚುಚ್ಚು, ಜೋಮು ಇದ್ದರೆ ಅದನ್ನೇ ಡಾಕ್ಟರಿಗೆ ಹೇಳಿ. ನರದ ನೋವಿಗೆ ಬೇರೆಯೇ ಔಷಧಿಗಳಿವೆ. ಮಲಗಿಯೇ ಇದ್ದರೆ ಸೊಂಟ ಇನ್ನಷ್ಟು ಬಿಗಿಯುತ್ತದೆ. ಡಾಕ್ಟರು ನಡೆಯಬಹುದು ಎಂದ ಮೇಲೆ ಲೈನ್ ಮನೆಯಿಂದ ಕಣದವರೆಗೆ ನಡೆಯಿರಿ. ನೋವು ಕಮ್ಮಿಯಿದ್ದ ದಿನವೂ ಅಷ್ಟೇ ನಡೆಯಿರಿ. ಹುಮ್ಮಸ್ಸಿನಲ್ಲಿ ಇಡೀ ಪಟ್ಟೆಯ ಕಳೆ ತೆಗೆದು ಮಾರನೇ ದಿನ ಹಾಸಿಗೆ ಹಿಡಿಯುವವರನ್ನು ಬಹಳ ನೋಡಿದ್ದೇನೆ. ವಾರಕ್ಕೊಮ್ಮೆ ದೂರವನ್ನು ಸ್ವಲ್ಪ ಹೆಚ್ಚಿಸಿ.

ತೋಟದ ಮಾಲೀಕರಲ್ಲಿ ಒಂದು ಬೇಡಿಕೆ: ವಾಪಸ್ ಬಂದವರಿಗೆ ಮೊದಲು ಕೂತು ಮಾಡುವ ಕೆಲಸ ಕೊಡಿ, ಕೂಲಿ ಕಡಿಯಬೇಡಿ.

ಇನ್ನೊಂದು ಮಾತು. ಬಿದ್ದ ಮೇಲೆ ಯಾವತ್ತಾದರೂ ಕಾಲಿನ ಬಲ ಕುಂದಿದರೆ, ಮೂತ್ರ ಕಟ್ಟಿದರೆ, ಕೂರುವ ಜಾಗ ಮರಗಟ್ಟಿದರೆ ಬೆಳಗಾಗಲಿ ಎಂದು ಕಾಯಬೇಡಿ. ಆಗಲೇ 108ಕ್ಕೆ ಫೋನ್ ಮಾಡಿ.