ಪಾರ್ಟ್ ಬದಲಿಸಬೇಡಿ, ಮೊದಲು ಜಾಗ ಬದಲಿಸಿ

ಕೇಳುಗರಿಗೆ ನಮಸ್ಕಾರ.

ಬೆಳಗ್ಗೆ ಗಾಡಿ ಸ್ಟಾರ್ಟ್ ಮಾಡುತ್ತೀರಿ. ಮೊದಲ ಸಿಗ್ನಲ್‌ನಲ್ಲಿ ನಿಲ್ಲಿಸಿದಾಗ ಸ್ಟೇರಿಂಗ್ ಸಣ್ಣಗೆ ನಡುಗುತ್ತದೆ. ಸೈಲೆನ್ಸರ್ ಸದ್ದು ಒಂದೇ ಸಮ ಇರುವುದಿಲ್ಲ, ನಡುನಡುವೆ ತಾಳ ತಪ್ಪುತ್ತದೆ. ಆಕ್ಸಿಲರೇಟರ್ ಒತ್ತಿದರೆ ಗಾಡಿ ಒಂದು ಕ್ಷಣ ಯೋಚನೆ ಮಾಡಿ ಮುಂದೆ ಹೋಗುತ್ತದೆ. ಗ್ಯಾರೇಜಿನಲ್ಲಿ ಇದಕ್ಕೆ ನಾವು ‘ಮಿಸ್ಸಿಂಗ್’ ಎನ್ನುತ್ತೇವೆ. ಇವತ್ತು ನನ್ನ ಮಾತು ಅದರ ಬಗ್ಗೆ.

ಈ ಹೊತ್ತಿಗೆ ರೇಡಿಯೋ ಕೇಳುವವರು ಯಾರು ಅಂತ ನನಗೆ ಅಂದಾಜಿದೆ. ನಮ್ಮ ಮುಂಬೈಯ ಮಾಟುಂಗಾದಲ್ಲಿ, ಮುಲುಂಡಿನಲ್ಲಿ ಹೋಟೆಲ್ ನಡೆಸುವವರು ಇದ್ದೀರಿ. ಡೊಂಬಿವಲಿಯಿಂದ ಆಫೀಸಿಗೆ ಓಡಾಡಿ ರಿಟೈರ್ ಆದವರು ಇದ್ದೀರಿ. ನಿಮ್ಮಲ್ಲಿ ಕೆಲವರಿಗಾದರೂ ಒಂದು ದೊಡ್ಡ ಕಾರಿನ ಆಸೆ ಇತ್ತು. ಈಗ ಹದಿನೈದು ವರ್ಷ ಹಳೆಯ ಮರ್ಸಿಡಿಸ್, ಬಿಎಂಡಬ್ಲ್ಯು, ಆಡಿ ಹೊಸ ಸಣ್ಣ ಕಾರಿನ ದುಡ್ಡಿಗೇ ಸಿಗುತ್ತವೆ. ಆಸೆ ತೀರಿಸಿಕೊಂಡಿದ್ದೀರಿ, ಒಳ್ಳೆಯದು. ಆದರೆ ಒಂದು ಮಾತು ನೆನಪಿಡಿ. ಇಳಿದದ್ದು ಕಾರಿನ ಬೆಲೆ. ಪಾರ್ಟಿನ ಬೆಲೆ ಇಳಿದಿಲ್ಲ.

ಅದಕ್ಕೇ ನಾನು ಹೇಳುವುದು: ಪಾರ್ಟ್ ಬದಲಿಸಬೇಡಿ, ಮೊದಲು ಜಾಗ ಬದಲಿಸಿ. ಹಾಗಂದರೇನು ಅಂತ ಈಗ ಹೇಳುತ್ತೇನೆ.

ಆರು ಸಿಲಿಂಡರಿನ ಎಂಜಿನ್ ಇದೆ ಅಂದುಕೊಳ್ಳಿ. ಗಾಡಿ ನಿಂತಲ್ಲೇ ಇದ್ದಾಗ ಅದು ನಿಮಿಷಕ್ಕೆ ಸುಮಾರು 800 ಸುತ್ತು ತಿರುಗುತ್ತದೆ. ಎರಡು ಸುತ್ತಿಗೆ ಪ್ರತಿ ಸಿಲಿಂಡರಿನಲ್ಲೂ ಒಂದು ಸಲ ಪೆಟ್ರೋಲ್ ಉರಿಯಬೇಕು. ಲೆಕ್ಕ ಹಾಕಿ, ಒಟ್ಟು ನಿಮಿಷಕ್ಕೆ 2400 ಸಲ. ಸೆಕೆಂಡಿಗೆ 40. ಆರು ಜನ ಪಲ್ಲಕ್ಕಿ ಹೊತ್ತ ಹಾಗೆ ಇದು. ಒಬ್ಬ ಹೆಜ್ಜೆ ತಪ್ಪಿದರೂ ಒಳಗಿನ ದೇವರು ಅಲ್ಲಾಡುತ್ತಾನೆ. ಆ ತಪ್ಪಿದ ಹೆಜ್ಜೆಯೇ ಮಿಸ್ಸಿಂಗ್.

ಹೆಜ್ಜೆ ಯಾಕೆ ತಪ್ಪುತ್ತದೆ? ಕಾರಣ ನಾಲ್ಕೇ. ಕಿಡಿ ಬಂದಿಲ್ಲ, ಪೆಟ್ರೋಲ್ ಬಂದಿಲ್ಲ, ಗಾಳಿಯ ಲೆಕ್ಕ ತಪ್ಪಿದೆ, ಇಲ್ಲವೇ ಒಳಗೆ ಒತ್ತಡ ಇಲ್ಲ. ಐದನೆಯದು ಇದೆ ಅಂತ ಯಾರಾದರೂ ಹೇಳಿದರೆ ಅವರಿಗೆ ನಿಮ್ಮ ಜೇಬಿನ ಮೇಲೆ ಕಣ್ಣಿದೆ ಅಂತ ತಿಳಿಯಿರಿ.

ನಾನು ಕೆಲಸ ಕಲಿಯುವಾಗ ನಮ್ಮ ಉಸ್ತಾದ್ ಎಂಜಿನ್ ಓಡುತ್ತಿರುವಾಗಲೇ, ಕಿಡಿ ಹಾರಿಸುವ ಪ್ಲಗ್ಗಿನ ವೈರು ಒಂದೊಂದಾಗಿ ಕೀಳುತ್ತಿದ್ದರು. ಕಿತ್ತಾಗ ಸದ್ದು ಕುಗ್ಗಿದರೆ ಆ ಸಿಲಿಂಡರ್ ಕೆಲಸ ಮಾಡುತ್ತಿದೆ. ಸದ್ದು ಬದಲಾಗದಿದ್ದರೆ ಅದೇ ಸತ್ತದ್ದು. ಒಳ್ಳೆ ಉಪಾಯ. ಆದರೆ ಈಗಿನ ಗಾಡಿಯಲ್ಲಿ ದಯವಿಟ್ಟು ಮಾಡಬೇಡಿ. ಬ್ಯಾಟರಿಯ 12 ವೋಲ್ಟನ್ನು ಕಾಯಿಲ್ ಎನ್ನುವ ವಸ್ತು 20–30 ಸಾವಿರ ವೋಲ್ಟಿಗೆ ಏರಿಸುತ್ತದೆ. ಕಾಯಿಲ್ ಸುಡುತ್ತದೆ, ಕಂಪ್ಯೂಟರ್ ಕೆಡಬಹುದು, ನಿಮಗೂ ಸರಿಯಾಗಿ ಹೊಡೆಯುತ್ತದೆ.

ಈಗ ಸ್ಕ್ಯಾನರ್ ಇದೆ. ಸ್ಟೇರಿಂಗಿನ ಕೆಳಗೆ ಸಿಕ್ಕಿಸಿದರೆ ಒಂದು ಕೋಡ್ ತೋರಿಸುತ್ತದೆ. ಪಿ0304 ಅಂತ ಬಂದರೆ ನಾಲ್ಕನೇ ಸಿಲಿಂಡರಿನಲ್ಲಿ ಮಿಸ್ಸಿಂಗ್. ಕೊನೆಯ ಅಂಕಿಯೇ ಸಿಲಿಂಡರ್ ನಂಬರ್. ಪಿ0300 ಬಂದರೆ ಒಂದೇ ಕಡೆ ಅಲ್ಲ, ಅಲ್ಲಲ್ಲಿ ತಪ್ಪುತ್ತಿದೆ ಎಂದರ್ಥ. ಇಲ್ಲೇ ಎಲ್ಲರೂ ಎಡವುವುದು. ಕೋಡ್ ಹೇಳುವುದು ಯಾವ ಮನೆಯಲ್ಲಿ ಗಲಾಟೆ ಅಂತ ಮಾತ್ರ. ಗಲಾಟೆ ಮಾಡಿದವರು ಯಾರು ಅಂತ ಅದು ಹೇಳುವುದಿಲ್ಲ. ಮೆಕ್ಯಾನಿಕ್ ಕೋಡ್ ನೋಡಿದ, “ಕಾಯಿಲ್ ಹೋಗಿದೆ ಸಾಹೇಬ್” ಅಂದ, ನೀವು ದುಡ್ಡು ಕೊಟ್ಟಿರಿ. ಕೋಡ್ ಕಾಯಿಲ್ ಅಂತ ಹೇಳಿತ್ತಾ? ಇಲ್ಲವಲ್ಲ!

ಹಾಗಾದರೆ ಏನು ಮಾಡಬೇಕು? ಎಂಜಿನ್ ಆಫ್ ಮಾಡಿ, ಆರಲು ಬಿಡಿ. ನಾಲ್ಕನೇ ಸಿಲಿಂಡರಿನ ಕಾಯಿಲ್ ತೆಗೆದು ಎರಡನೆಯದಕ್ಕೆ ಹಾಕಿ. ಎರಡರದ್ದನ್ನು ನಾಲ್ಕಕ್ಕೆ ಹಾಕಿ. ಕೋಡ್ ಅಳಿಸಿ, ಗಾಡಿ ಓಡಿಸಿ, ಮತ್ತೆ ಸ್ಕ್ಯಾನ್ ಮಾಡಿ. ಈಗ ಪಿ0302 ಬಂತಾ? ಕಳ್ಳ ಸಿಕ್ಕಿಬಿದ್ದ, ಕಾಯಿಲೇ ಕೆಟ್ಟಿದೆ. ಮತ್ತೆ ಪಿ0304 ಬಂತಾ? ಕಾಯಿಲ್ ನಿರಪರಾಧಿ. ಆಮೇಲೆ ಪ್ಲಗ್ಗಿಗೂ ಇದೇ ಪರೀಕ್ಷೆ. ಖರ್ಚು ಸೊನ್ನೆ ರೂಪಾಯಿ. ಪಾರ್ಟ್ ಬದಲಿಸಬೇಡಿ, ಮೊದಲು ಜಾಗ ಬದಲಿಸಿ. ಇನ್ನೊಂದು ವಿಷಯ, ಪ್ಲಗ್ ಬಿಚ್ಚುವುದು ಎಂಜಿನ್ ಪೂರ್ತಿ ತಣ್ಣಗಾದ ಮೇಲೆ ಮಾತ್ರ. ಪ್ಲಗ್ ಕೂರುವ ಎಂಜಿನ್ನಿನ ಹೆಡ್ ಅಲ್ಯೂಮಿನಿಯಂ. ಬಿಸಿ ಇರುವಾಗ ಬಿಚ್ಚಿದರೆ ಅದರ ಚೂಡಿ, ಅಂದರೆ ತಿರುಪಿನ ಗೆರೆಗಳೂ ಕಿತ್ತು ಬರಬಹುದು.

ಇದಕ್ಕೆ ಒಂದು ಕಥೆ ಹೇಳಲೇಬೇಕು.

ಒಬ್ಬರು ಶೆಟ್ರು ಇದ್ದಾರೆ. ಹೆಸರು ಬೇಡ. ನಾನೂ ಅವರೂ ಉಡುಪಿ ಕಡೆಯವರೇ. ನಾನು ಈ ಊರಿಗೆ ಬಂದಾಗ ಹಗಲು ಫೋರ್ಟಿನ ಹೋಟೆಲಿನಲ್ಲಿ ಲೋಟ ತೊಳೆಯುತ್ತಿದ್ದೆ, ರಾತ್ರಿ ಕನ್ನಡ ಶಾಲೆಗೆ ಹೋಗುತ್ತಿದ್ದೆ. ಅವರೂ ಅದೇ ಬೆಂಚಿನವರು. ಆಮೇಲೆ ಅವರು ಹೋಟೆಲಿನ ಗಲ್ಲಾಪೆಟ್ಟಿಗೆ ಮುಂದೆ ಕೂತರು, ನಾನು ಗಾಡಿ ಕೆಳಗೆ ಮಲಗಿದೆ. ಅವರ ಬಳಿ 2002ರ ಒಂದು ಜರ್ಮನ್ ಕಾರು. ಉದ್ದಕ್ಕೆ ಆರು ಸಿಲಿಂಡರ್, ಕಪ್ಪು ಬಣ್ಣ, ಗೋಡಂಬಿ ಬಣ್ಣದ ಸೀಟು. ಅಂಥ ಎಂಜಿನ್ ಸದ್ದು ನನಗೆ ಮದುವೆ ವಾಲಗಕ್ಕಿಂತ ಇಷ್ಟ.

ಒಂದು ದಿನ ಫೋನ್. “ಮಾರಾಯ್ರೇ, ಗಾಡಿ ಬೆಳಗ್ಗೆ ಕೆಮ್ಮುತ್ತದೆ. ಮೂರು ಗ್ಯಾರೇಜ್ ಆಯಿತು.” ನಮ್ಮ ಮಾತೆಲ್ಲ ತುಳುವಿನಲ್ಲೇ ನಡೆದದ್ದು, ನಿಮಗೆ ಕನ್ನಡದಲ್ಲಿ ಹೇಳುತ್ತಿದ್ದೇನೆ. ಮೊದಲ ಗ್ಯಾರೇಜು ಆರೂ ಪ್ಲಗ್ ಬದಲಿಸಿತ್ತು. ಎರಡನೆಯದು ಆರೂ ಕಾಯಿಲ್. ಮೂರನೆಯದು ಪೆಟ್ರೋಲ್ ಚಿಮ್ಮಿಸುವ ಇಂಜೆಕ್ಟರ್ ಬಿಚ್ಚಿ ತೊಳೆದು, ಪೆಟ್ರೋಲ್ ಪಂಪನ್ನೂ ಬದಲಿಸಿತ್ತು. ಅಷ್ಟು ದುಡ್ಡಿಗೆ ಒಂದು ಒಳ್ಳೆ ಸೆಕೆಂಡ್ ಹ್ಯಾಂಡ್ ಸ್ಕೂಟರ್ ಬರುತ್ತಿತ್ತು. ಮಿಸ್ಸಿಂಗ್ ಮಾತ್ರ ಹಾಗೇ ಇತ್ತು. ಗ್ಯಾರೇಜಿಗೆ ತಂದರೆ ಗಾಡಿ ಸರಿ ಇರುತ್ತದೆ. ಮನೆಗೆ ಹೋಗಿ ಮರುದಿನ ಬೆಳಗ್ಗೆ ಮತ್ತೆ ಅದೇ ಕೆಮ್ಮು. ಅರ್ಧ ಗಂಟೆ ಓಡಿದರೆ ತಾನಾಗಿಯೇ ಸರಿ.

ನಾನು ಸ್ಪ್ಯಾನರ್ ಮುಟ್ಟಲಿಲ್ಲ. ಚಹಾ ತರಿಸಿದೆ. “ಶೆಟ್ರೇ, ದಿನಾ ಬರ್ತದಾ?” ಅಂತ ಕೇಳಿದೆ.

“ದಿನಾ. ಆದರೆ ಭಾನುವಾರ ಇಲ್ಲ.”

“ಭಾನುವಾರ ಯಾಕಿಲ್ಲ?”

“ಭಾನುವಾರ ಡ್ರೈವರಿಗೆ ರಜೆ. ನಾನೇ ಓಡಿಸುವುದು. ನನ್ನ ಕೈಯಲ್ಲಿ ಗಾಡಿ ಬೆಣ್ಣೆ ಹಾಗೆ ಹೋಗ್ತದೆ. ಅವನಿಗೆ ಓಡಿಸಲು ಬರುವುದಿಲ್ಲ, ಅಷ್ಟೇ.”

ಗಾಡಿಗೆ ಕ್ಯಾಲೆಂಡರ್ ಗೊತ್ತಿಲ್ಲ. ಯಜಮಾನರ ಕೈ ಯಾವುದು, ಡ್ರೈವರ್ ಕೈ ಯಾವುದು ಅಂತಲೂ ಗೊತ್ತಿಲ್ಲ. ನನ್ನ ಸ್ಕ್ಯಾನರ್ ಹಾಕಿ ನೋಡಿದೆ. ಹಳೆ ಕೋಡ್ ಕೂತಿತ್ತು, ಪಿ0304. ನಾಲ್ಕನೇ ಕಾಯಿಲ್ ತೆಗೆದು ಒಂದಕ್ಕೆ ಹಾಕಿ, ಗಾಡಿ ವಾಪಸ್ ಕಳಿಸಿದೆ. ಮರುದಿನ ಬೆಳಗ್ಗೆ ಫೋನ್, ಮತ್ತೆ ಕೆಮ್ಮು. ನೋಡಿದರೆ ಮತ್ತೆ ಪಿ0304. ಕಾಯಿಲ್ ಅಲ್ಲ! ಪ್ಲಗ್ ಜಾಗ ಬದಲಿಸಿದೆ. ಮರುದಿನವೂ ಪಿ0304. ಪ್ಲಗ್ಗೂ ಅಲ್ಲ! ಹೊಸ ಹನ್ನೆರಡು ಪಾರ್ಟಿನ ದುಡ್ಡು ದಂಡ ಅಂತ ಎರಡೇ ದಿನದಲ್ಲಿ ಗೊತ್ತಾಯಿತು. ಶೆಟ್ರ ಮುಖ ನೀವು ನೋಡಬೇಕಿತ್ತು.

ಮೂರನೇ ದಿನ ಬೆಳಗ್ಗೆ ಆರೂವರೆಗೆ ನಾನೇ ಅವರ ಬಿಲ್ಡಿಂಗಿನ ಕೆಳಗೆ ಹೋಗಿ ನಿಂತೆ. ಡ್ರೈವರ್ ಬಂದ. ಪಾಪ, ಒಳ್ಳೆ ಮನುಷ್ಯ, ಗಾಡಿ ಎಂದರೆ ಅವನಿಗೆ ಪ್ರಾಣ. ಮೊದಲು ಗಾಡಿಗೆ ಪೈಪಿನಿಂದ ನೀರು ಬಿಟ್ಟ. ಆಮೇಲೆ ಬಾನೆಟ್ ಎತ್ತಿದ. ಎತ್ತಿ ಎಂಜಿನ್ನಿಗೂ ನೀರು ಬಿಟ್ಟ! ಬಟ್ಟೆಯಿಂದ ಒರೆಸಿದ. ಒಂದು ಹೂವಿಟ್ಟ, ಊದುಬತ್ತಿ ಬೆಳಗಿದ. ವಾರಕ್ಕೆ ಆರು ದಿನ ಎಂಜಿನ್ನಿಗೆ ಸ್ನಾನ, ಪೂಜೆ. ಭಾನುವಾರ ಅರ್ಚಕರಿಗೆ ರಜೆ.

“ಸ್ಟಾರ್ಟ್ ಮಾಡಬೇಡ” ಅಂತ ಕೂಗಿದೆ. ಕಾಯಿಲ್‌ಗಳ ಮೇಲೆ ಒಂದು ಪ್ಲಾಸ್ಟಿಕ್ ಕವರ್ ಇರುತ್ತದೆ. ಅದರ ಒಂದು ನಟ್ ಇರಲಿಲ್ಲ. ಹಿಂದೆ ಬಿಚ್ಚಿದವರು ಯಾರೋ ಮರಳಿ ಹಾಕಿರಲಿಲ್ಲ. ಅದು ಇಲ್ಲದೆ ಕವರ್ ಒಂದು ಕಡೆ ಎದ್ದಿತ್ತು. ಎದ್ದದ್ದು ಸರಿಯಾಗಿ ನಾಲ್ಕನೇ ಸಿಲಿಂಡರಿನ ತಲೆ ಮೇಲೆ. ಕಾಯಿಲ್ ಎತ್ತಿ ಟಾರ್ಚ್ ಬಿಟ್ಟೆ. ಪ್ಲಗ್ ಕೂತಿರುವ ಗುಂಡಿಯಲ್ಲಿ ನೀರು ಹೊಳೆಯುತ್ತಿತ್ತು. ಕಿಡಿ ಪ್ಲಗ್ಗಿನ ತುದಿಗೆ ಹೋಗುವ ಬದಲು ನೀರಿನ ದಾರಿ ಹಿಡಿದು ಎಂಜಿನ್ನಿನ ಮೈಗೇ ಹಾರುತ್ತಿತ್ತು. ಅರ್ಧ ಗಂಟೆ ಓಡಿದರೆ ಬಿಸಿಗೆ ನೀರು ಆರುತ್ತಿತ್ತು, ರೋಗವೂ ಮಾಯ. ಕುರ್ಲಾದ ಸಿಎಸ್‌ಟಿ ರೋಡಿನ ಹಳೆ ಪಾರ್ಟಿನ ಅಂಗಡಿಯಲ್ಲಿ ಒಂದು ನಟ್ ಸಿಕ್ಕಿತು. ಅಂಗಡಿಯವನು ದುಡ್ಡೇ ತೆಗೆದುಕೊಳ್ಳಲಿಲ್ಲ. ಡ್ರೈವರಿಗೆ ಹೇಳಿದೆ, ಪೂಜೆ ಮಾಡು, ಅಭಿಷೇಕ ಬೇಡ.

ಶೆಟ್ರು ಇವತ್ತಿಗೂ ಅದು ತಮ್ಮ ಡ್ರೈವಿಂಗಿನ ಗುಣ ಅಂತಲೇ ಹೇಳುತ್ತಾರೆ. ಇರಲಿ.

ಸ್ಟುಡಿಯೋ ಗಾಜಿನ ಆಚೆಯಿಂದ ಎರಡು ಬೆರಳು ತೋರಿಸುತ್ತಿದ್ದಾರೆ. ಎರಡೇ ನಿಮಿಷ ಉಳಿದಿದೆಯಂತೆ. ಉಳಿದದ್ದು ಬೇಗ ಬೇಗ ಹೇಳುತ್ತೇನೆ.

ಆ ಗುಂಡಿಯಲ್ಲಿ ನೀರಿನ ಬದಲು ಆಯಿಲ್ ಇದ್ದರೆ ಟ್ಯಾಪೆಟ್ ಕವರಿನ, ಅಂದರೆ ಎಂಜಿನ್ನಿನ ಮೇಲಿನ ಮುಚ್ಚಳದ ಪ್ಯಾಕಿಂಗ್ ಸೋತಿದೆ. ಹಳೆ ಗಾಡಿಯಲ್ಲಿ ಇದು ತುಂಬಾ ಸಾಮಾನ್ಯ. ಪ್ಯಾಕಿಂಗ್ ಹಾಕಿಸದೆ ಪ್ಲಗ್ ಮಾತ್ರ ಹಾಕಿಸಿದರೆ ಮತ್ತೆ ಅದೇ ಕಥೆ.

ಸಿಗ್ನಲ್‌ನಲ್ಲಿ ನಡುಗಿ, ಓಡುವಾಗ ಸರಿ ಇದ್ದರೆ ಹೆಚ್ಚಿನ ಸಲ ಎಲ್ಲೋ ಗಾಳಿ ಸೋರುತ್ತಿರುತ್ತದೆ. ಬಾನೆಟ್ ಒಳಗಿನ ರಬ್ಬರ್ ಪೈಪುಗಳನ್ನು ಬಗ್ಗಿಸಿ ನೋಡಿ, ಬಿರುಕು ಕಾಣುತ್ತದೆ. ಅದೇ, ಊರಲ್ಲಿ ಸರಿ ಇದ್ದು ಪುಣೆಗೆ ಹೋಗುವಾಗ ಖಂಡಾಲಾ ಘಾಟಿಯಲ್ಲಿ ಕೆಮ್ಮಿದರೆ ಕಿಡಿಗೆ ಶಕ್ತಿ ಸಾಲದು, ಇಲ್ಲವೇ ಪೆಟ್ರೋಲ್ ಸಾಕಷ್ಟು ಬರುತ್ತಿಲ್ಲ. ಈಗ ಪೆಟ್ರೋಲಿನಲ್ಲಿ 20 ಪರ್ಸೆಂಟ್ ಎಥನಾಲ್ ಇರುತ್ತದೆ. ಎಥನಾಲ್ ನೀರು ಹೀರುತ್ತದೆ. ಹಳೆ ಗಾಡಿಯನ್ನು ಟ್ಯಾಂಕಿನಲ್ಲಿ ಚೂರೇ ಪೆಟ್ರೋಲ್ ಇಟ್ಟು ತಿಂಗಳುಗಟ್ಟಲೆ ನಿಲ್ಲಿಸಬೇಡಿ.

ಇದೆಲ್ಲ ಸರಿ ಇದ್ದೂ ಒಂದೇ ಸಿಲಿಂಡರ್ ಸತ್ತಿದ್ದರೆ ಕಂಪ್ರೆಷನ್, ಅಂದರೆ ಸಿಲಿಂಡರಿನ ಒಳಗಿನ ಒತ್ತಡ, ಚೆಕ್ ಮಾಡಿಸಿ. ಎಲ್ಲದರಲ್ಲೂ ಹೆಚ್ಚುಕಡಿಮೆ ಒಂದೇ ಅಂಕಿ ಬರಬೇಕು. ಒಂದರಲ್ಲಿ ಕಡಿಮೆ ಬಂದರೆ ಅದರೊಳಗೆ ಒಂದು ಚಮಚ ಎಂಜಿನ್ ಆಯಿಲ್ ಬಿಟ್ಟು ಮತ್ತೆ ನೋಡಲು ಹೇಳಿ. ಅಂಕಿ ಏರಿದರೆ ಪಿಸ್ಟನ್ನಿನ ರಿಂಗ್ ಹೋಗಿದೆ. ಏರದಿದ್ದರೆ ಹೆಚ್ಚಾಗಿ ವಾಲ್ವ್. ಆಗ ಮಾತ್ರ ದೊಡ್ಡ ಖರ್ಚಿನ ಮಾತು. ಅಲ್ಲಿವರೆಗೆ ಪಾರ್ಟ್ ಬದಲಿಸಬೇಡಿ, ಜಾಗ ಬದಲಿಸಿ. ಮೂರು ಸಲ ಹೇಳಿದೆ ಅಂತ ಬೇಜಾರಾಗಬೇಡಿ, ಗ್ಯಾರೇಜಿನಲ್ಲಿ ನಾನಿದನ್ನು ದಿನಕ್ಕೆ ಹತ್ತು ಸಲ ಹೇಳುತ್ತೇನೆ.

ಕೊನೆಗೆ ದೀಪದ ವಿಷಯ. ಮೀಟರಿನಲ್ಲಿ ಹಳದಿ ಎಂಜಿನ್ ಚಿತ್ರ ಸುಮ್ನೆ ಹತ್ತಿಕೊಂಡಿದ್ದರೆ ನಿಧಾನವಾಗಿ ಮನೆಗೆ ಹೋಗಿ, ನಾಳೆ ತೋರಿಸಿ. ಅದು ಮಿನುಗುತ್ತಿದ್ದರೆ ಓಡಿಸಬೇಡಿ. ಉರಿಯದ ಪೆಟ್ರೋಲ್ ಸೈಲೆನ್ಸರ್ ದಾರಿಯಲ್ಲಿ ಹೊಗೆ ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರಿನೊಳಗೆ ಹೋಗಿ ಅಲ್ಲಿ ಉರಿಯುತ್ತದೆ, ಅದು ಕರಗಿ ಹೋಗುತ್ತದೆ. ಹೊಸದರ ಬೆಲೆ ಕೇಳಿದರೆ ನಿಮ್ಮ ಎದೆಯೂ ಮಿಸ್ಸಿಂಗ್ ಹೊಡೆಯುತ್ತದೆ. ಬದಿಗೆ ನಿಲ್ಲಿಸಿ, ಆಫ್ ಮಾಡಿ, ಟೋಯಿಂಗ್ ಗಾಡಿ ಕರೆಸಿ. ವರ್ಲಿ ಸೀ ಲಿಂಕ್ ಹತ್ತುವ ಮೊದಲೇ ಮಿನುಗಿದರೆ ಸೇತುವೆ ಹತ್ತಲೇಬೇಡಿ, ಅಲ್ಲಿ ನಿಲ್ಲಿಸಲು ಬಿಡುವುದಿಲ್ಲ.

ಈಗ ಒಂದೇ ಬೆರಳು ತೋರಿಸುತ್ತಿದ್ದಾರೆ. ನಮಸ್ಕಾರ.