ನೆರವಿನ ಜೊತೆ ಬಂದ ಷರತ್ತುಗಳು: ಬಾಂಗ್ಲಾದೇಶದ ಹೆಣ್ಣುಮಕ್ಕಳು ಮತ್ತು ಹೊರದೇಶದ ದುಡ್ಡು

ಎಲ್ಲರಿಗೂ ನಮಸ್ಕಾರ.

ಹೊರದೇಶದ ನೆರವಿನ ಮಾತು ಬಂದ ಕೂಡಲೇ ನಮ್ಮಲ್ಲಿ ಎರಡು ಪಂಗಡ ಆಗಿಬಿಡುತ್ತದೆ. ಆ ದುಡ್ಡು ಬರದಿದ್ದರೆ ಏನೂ ಆಗುತ್ತಿರಲಿಲ್ಲ ಅನ್ನುವವರು ಒಂದು ಕಡೆ. ಕೊಡುವವರು ತಮ್ಮ ಲಾಭಕ್ಕೇ ಕೊಡೋದು ಅನ್ನುವವರು ಇನ್ನೊಂದು ಕಡೆ. ಈ ಜಗಳ ಇವತ್ತು ಬೇಡ. ಬಾಂಗ್ಲಾದೇಶವೊಂದನ್ನೇ ಇಟ್ಟುಕೊಂಡು ಒಂದೇ ಪ್ರಶ್ನೆ ಕೇಳೋಣ. ದುಡ್ಡಿನ ಜೊತೆ ಯಾವ ಷರತ್ತು ಬಂತು? ಆ ಷರತ್ತು ಹಳ್ಳಿಯ ಹೆಂಗಸಿಗೆ ಏನು ಮಾಡಿತು?

ಮೊದಲು ಎರಡು ಅಂಕಿ ಹೇಳಿಬಿಡುತ್ತೇನೆ. 1975ರಲ್ಲಿ ಅಲ್ಲಿ ಒಬ್ಬ ತಾಯಿಗೆ ಸರಾಸರಿ ಆರಕ್ಕಿಂತ ಜಾಸ್ತಿ ಮಕ್ಕಳು. ಗರ್ಭನಿರೋಧಕ ಬಳಸುತ್ತಿದ್ದವರು ನೂರು ದಂಪತಿಗಳಲ್ಲಿ ಎಂಟೇ ಜನ. 2022ರ ಸಮೀಕ್ಷೆಯ ಹೊತ್ತಿಗೆ ಮಕ್ಕಳು ಸರಾಸರಿ 2.3ಕ್ಕೆ ಇಳಿದಿದ್ದರು, ಬಳಸುವವರು 64ಕ್ಕೆ ಏರಿದ್ದರು. ಬಡತನ, ನೆರೆ, ಚಂಡಮಾರುತ, ಎಲ್ಲವನ್ನೂ ಕಂಡ ದೇಶದಲ್ಲಿ ಆದ ಬದಲಾವಣೆ ಇದು. ಬರೀ ಹೊರಗಿನ ದುಡ್ಡಿನಿಂದ ಆಗಿದ್ದಲ್ಲ, ಆದರೆ ಆ ದುಡ್ಡು ಇಲ್ಲದೆಯೂ ಆಗುತ್ತಿರಲಿಲ್ಲ.

ಈ ಕಥೆ ಶುರುವಾಗುವುದೇ ಒಂದು ದೊಡ್ಡ ನೋವಿನಿಂದ. 1971ರ ಯುದ್ಧದಲ್ಲಿ ಲೆಕ್ಕ ಸಿಗದಷ್ಟು ಹೆಣ್ಣುಮಕ್ಕಳ ಮೇಲೆ ಅತ್ಯಾಚಾರ ನಡೆಯಿತು. ಗರ್ಭಪಾತವನ್ನು ಅಪರಾಧ ಎನ್ನುವ 1860ರ ದಂಡ ಸಂಹಿತೆ ಆಗಲೂ ಜಾರಿಯಲ್ಲಿತ್ತು. 1972ರಲ್ಲಿ ಹೊಸ ಸರ್ಕಾರ ಈ ಹೆಂಗಸರ ಮಟ್ಟಿಗೆ ಅದನ್ನು ಸಡಿಲಿಸಿತು. ಅಂತರರಾಷ್ಟ್ರೀಯ ಸಂಸ್ಥೆಗಳ ನೆರವಿನಿಂದ ಹೊರದೇಶದ ವೈದ್ಯರು ಬಂದರು. ಆಸ್ಟ್ರೇಲಿಯಾದ ಜೆಫ್ರಿ ಡೇವಿಸ್ ಅವರಲ್ಲಿ ಒಬ್ಬರು. ಆಗ ಈ ಹೆಂಗಸರಿಗೆ ಬೇಕಿದ್ದದ್ದು ಏನು ಅಂತ ಯಾರೂ ಚರ್ಚೆ ಮಾಡುತ್ತಾ ಕೂರಲಿಲ್ಲ. ಹೋದರು, ಮಾಡಿದರು. ಮುಂದಿನ ವರ್ಷಗಳಲ್ಲಿ ಇಷ್ಟು ನೇರವಾದ ನೆರವು ಅಪರೂಪವಾಯಿತು.

ಈಗ ಮತ್ಲಬ್‌ಗೆ ಬರೋಣ. ಢಾಕಾದಿಂದ ಆಗ್ನೇಯಕ್ಕೆ, ಚಾಂದ್‌ಪುರ ಜಿಲ್ಲೆಯಲ್ಲಿ, ನದಿಗಳ ನಡುವೆ ಇರುವ ಸೀಮೆ. ಮಳೆಗಾಲದಲ್ಲಿ ಮನೆಯಿಂದ ಮನೆಗೆ ಹೋಗಲೂ ದೋಣಿ ಬೇಕು. ಅಲ್ಲಿ ವಿದೇಶಿ ನೆರವಿನಿಂದ ನಡೆಯುತ್ತಿದ್ದ ಕಾಲರಾ ಸಂಶೋಧನಾ ಕೇಂದ್ರವೊಂದು 1966ರಿಂದಲೇ ಮನೆಮನೆಯ ಜನನ, ಮರಣದ ಲೆಕ್ಕ ಇಡುತ್ತಿತ್ತು. 1975ರಲ್ಲಿ ಆ ಕೇಂದ್ರದವರು ಗರ್ಭನಿರೋಧಕ ಮಾತ್ರೆ ಹಂಚಲು ಶುರುಮಾಡಿದರು. ಹಂಚಲು ಆರಿಸಿದ್ದು ಹೆಚ್ಚಾಗಿ ಓದುಬರಹ ಬಾರದ, ವಯಸ್ಸಾದ ವಿಧವೆಯರನ್ನು. ಮಾತ್ರೆ ಕೊಟ್ಟರು, ಬಂದರು. ಮೊದಮೊದಲು ಬಳಕೆ ಸರ್ರನೆ ಏರಿತು. ಆಮೇಲೆ ಇಳಿಯಿತು. ಯಾಕೆ? ಮಾತ್ರೆ ನುಂಗಿದ ಮೇಲೆ ತಲೆ ಸುತ್ತಿತು, ಸ್ರಾವ ಜಾಸ್ತಿಯಾಯಿತು ಅಂದರೆ ಕೇಳುವವರೇ ಇರಲಿಲ್ಲ.

1977ರಲ್ಲಿ ಯೋಜನೆಯನ್ನು ಪೂರ್ತಿ ಬದಲಾಯಿಸಿದರು. ಆ ಹಳ್ಳಿಗಳದ್ದೇ 80 ಹೆಂಗಸರನ್ನು ಕೆಲಸಕ್ಕೆ ತೆಗೆದುಕೊಂಡರು. ಎಲ್ಲರೂ ಮದುವೆಯಾದವರು, ಶಾಲೆಗೆ ಹೋದವರು, ಸ್ವತಃ ಗರ್ಭನಿರೋಧಕ ಬಳಸುತ್ತಿದ್ದವರು. ಹದಿನೈದು ದಿನಕ್ಕೊಮ್ಮೆ ಪ್ರತಿ ಮನೆಗೂ ಹೋಗಬೇಕು. ಚೀಲದಲ್ಲಿ ಮಾತ್ರೆ, ಕಾಂಡೋಮ್, ಇಂಜೆಕ್ಷನ್ ಎಲ್ಲ ಇರುತ್ತಿತ್ತು. ಒಂದು ಹೊಂದದಿದ್ದರೆ ಇನ್ನೊಂದನ್ನು ಆರಿಸಿಕೊಳ್ಳಬಹುದು. ತೊಂದರೆಯಾದರೆ ಕಳಿಸಲು ಹಿಂದೆ ಒಂದು ಕ್ಲಿನಿಕ್ ಇತ್ತು. ಎರಡು ವರ್ಷದೊಳಗೆ ಬಳಕೆ ಸುಮಾರು ಮೂರನೇ ಒಂದು ಭಾಗದಷ್ಟು ದಂಪತಿಗಳನ್ನು ಮುಟ್ಟಿತು. ಪಕ್ಕದ ಹಳ್ಳಿಗಳಲ್ಲಿ ಸರ್ಕಾರದ ಮಾಮೂಲಿ ಸೇವೆ ಮಾತ್ರ ಇತ್ತು. ಅಲ್ಲಿ ಬಳಕೆ ತುಂಬಾ ಹಿಂದೆಯೇ ಉಳಿಯಿತು.

ಎರಡು ಸಲವೂ ಮಾತ್ರೆ ಬಂದದ್ದು ಹೊರಗಿನಿಂದಲೇ. ಎರಡನೇ ಸಲ ಆ ಮಾತ್ರೆಯ ಜೊತೆಗೆ ಮತ್ತೆ ಬರುತ್ತೇನೆ ಅನ್ನುವ ಮನುಷ್ಯಳೊಬ್ಬಳು ಬಂದಳು. ಪರದೆಯ ಕಟ್ಟುಪಾಡು ಬಿಗಿಯಾಗಿದ್ದ ಕಾಲ ಅದು. ಸೊಸೆಯಂದಿರು ಅಂಗಳ ದಾಟುವುದೇ ಕಷ್ಟ. ಆ ಸೊಸೆಯ ಹತ್ತಿರ ಕೂತು, ಮಕ್ಕಳ ಆರೋಗ್ಯ ವಿಚಾರಿಸಿ, ಅತ್ತೆಯನ್ನೂ ಮಾತಾಡಿಸಿ ಹೋಗುತ್ತಿದ್ದವಳು ಒಬ್ಬ ಸಂಬಳದ ಹೆಂಗಸು. ಹೆಣ್ಣು ದುಡಿದು ಸಂಬಳ ತರಬಹುದು ಅನ್ನುವುದನ್ನು ಊರು ಕಣ್ಣಾರೆ ಕಂಡಿತು. ಸಮಾನತೆಯ ಬಗ್ಗೆ ಯಾವ ಭಾಷಣವೂ ಇಷ್ಟು ಕೆಲಸ ಮಾಡಿರಲಾರದು ಅಂತ ನನಗನ್ನಿಸುತ್ತದೆ. ಸರ್ಕಾರವೂ ಕುಟುಂಬ ಕಲ್ಯಾಣ ಸಹಾಯಕಿಯರನ್ನು ಮನೆಮನೆಗೆ ಕಳಿಸುತ್ತಿತ್ತು, ಮುಂದೆ ಅವರ ಸಂಖ್ಯೆ ಇಪ್ಪತ್ತು ಸಾವಿರ ದಾಟಿತು.

ಇದೇ ಕಾಲದ ಇನ್ನೊಂದು ಷರತ್ತನ್ನು ಮಾತ್ರ ಒಪ್ಪಲು ಆಗುವುದಿಲ್ಲ. ದಾನಿ ದೇಶಗಳಿಗೆ ಜನಸಂಖ್ಯೆ ಇಳಿಯಬೇಕಿತ್ತು, ಬೇಗ ಇಳಿಯಬೇಕಿತ್ತು. 1980ರ ದಶಕದಲ್ಲಿ ಸಂತಾನಹರಣ ಆಪರೇಷನ್ ಮಾಡಿಸಿಕೊಂಡವರಿಗೆ ಹಣ ಸಿಗುತ್ತಿತ್ತು. ಹೆಂಗಸರಿಗೆ ಸೀರೆ, ಗಂಡಸರಿಗೆ ಲುಂಗಿ. ಕರೆದುಕೊಂಡು ಬಂದವರಿಗೂ ಕಮಿಷನ್. ಕೂಲಿ ತಪ್ಪಿದ್ದಕ್ಕೆ ಪರಿಹಾರ ಅಂತ ಸಮರ್ಥನೆ ಕೊಟ್ಟರು. ಆದರೆ ಮನೆಯಲ್ಲಿ ಅಕ್ಕಿ ಇಲ್ಲದ ತಿಂಗಳಲ್ಲಿ ಸೀರೆ ಮತ್ತು ದುಡ್ಡು ಮುಂದಿಟ್ಟು, ನಿನ್ನ ಇಷ್ಟ ಅಂದರೆ ಅದು ಇಷ್ಟ ಆಗುತ್ತದಾ? ಆ ಹೆಂಗಸು ಅವರ ಲೆಕ್ಕದ ಪುಸ್ತಕದಲ್ಲಿ ಒಂದು ಅಂಕಿಯಾದಳು, ಅಷ್ಟೇ. ಜನಸಂಖ್ಯೆಯ ಬಗ್ಗೆ 1994ರಲ್ಲಿ ಕೈರೋದಲ್ಲಿ ನಡೆದ ಸಮ್ಮೇಳನದಲ್ಲಿ ಜಗತ್ತಿನ ದೇಶಗಳೆಲ್ಲ ಸೇರಿ, ಗುರಿ ಮುಟ್ಟುವ ಲೆಕ್ಕ ಬಿಟ್ಟು ಹೆಣ್ಣಿನ ಹಕ್ಕಿನಿಂದ ಯೋಚಿಸೋಣ ಅಂತ ಒಪ್ಪಿಕೊಂಡವು. ಆ ಒಪ್ಪಂದದ ಹಿಂದೆ ಇಂಥ ಅನುಭವಗಳ ಭಾರ ಇತ್ತು.

ಇನ್ನು ಗರ್ಭಪಾತದ ವಿಷಯ. ಇಲ್ಲಿ ಸ್ವಲ್ಪ ನಿಧಾನವಾಗಿ ಹೋಗೋಣ.

ಬಾಂಗ್ಲಾದೇಶದಲ್ಲಿ ಇವತ್ತಿಗೂ ಹಳೇ ಕಾನೂನೇ ಇದೆ. ತಾಯಿಯ ಜೀವ ಉಳಿಸಲು ಬಿಟ್ಟರೆ ಗರ್ಭಪಾತ ಅಪರಾಧ. ಆದರೆ 1979ರಲ್ಲಿ ಸರ್ಕಾರ ಒಂದು ದಾರಿ ತೆರೆಯಿತು. ಮುಟ್ಟು ನಿಂತ ಕೆಲವು ವಾರಗಳೊಳಗೆ, ಬಸುರಿಯೋ ಅಲ್ಲವೋ ಅಂತ ಪರೀಕ್ಷೆ ಮಾಡಿ ನೋಡದೆ, ಕೈಯಿಂದ ನಡೆಸುವ ಸಿರಿಂಜಿನಂಥ ಸಲಕರಣೆಯಿಂದ ಗರ್ಭಕೋಶ ಖಾಲಿ ಮಾಡುವ ಸೇವೆ. ಇದನ್ನು ಕುಟುಂಬ ಯೋಜನೆಯ ಭಾಗವಾಗಿಯೇ ಸೇರಿಸಿದರು. ಡಾಕ್ಟರೇ ಬೇಕು ಅಂತ ಇಲ್ಲ. ತರಬೇತಿ ಪಡೆದ ಕುಟುಂಬ ಕಲ್ಯಾಣ ಕಾರ್ಯಕರ್ತೆಯೂ ಮಾಡಬಹುದು. ಕಡ್ಡಿ, ಬೇರು, ಗುಟ್ಟಿನ ಔಷಧಿ ಅಂತ ಪ್ರಾಣ ಕಳೆದುಕೊಳ್ಳುತ್ತಿದ್ದವರಿಗೆ ಇದು ಜೀವ ಉಳಿಸುವ ದಾರಿ.

ಅದೇ ದೇಶದ ಕುಟುಂಬ ಯೋಜನೆಗೆ ದೊಡ್ಡ ಮೊತ್ತ ಕೊಡುತ್ತಿದ್ದದ್ದು ಅಮೆರಿಕ. 1973ರಲ್ಲಿ ಅಲ್ಲಿನ ಸಂಸತ್ತು ಒಂದು ತಿದ್ದುಪಡಿ ತಂದಿತ್ತು. ಕುಟುಂಬ ಯೋಜನೆಯ ವಿಧಾನವಾಗಿ ಗರ್ಭಪಾತ ಮಾಡಿಸಲು ತಮ್ಮ ವಿದೇಶಿ ನೆರವಿನ ಹಣ ಬಳಸಬಾರದು ಅಂತ. 1984ರಲ್ಲಿ ರೇಗನ್ ಸರ್ಕಾರ ಇನ್ನೂ ಮುಂದೆ ಹೋಯಿತು. ನಮ್ಮ ಕುಟುಂಬ ಯೋಜನೆಯ ಹಣ ಪಡೆಯುವ ಹೊರದೇಶದ ಸ್ವಯಂಸೇವಾ ಸಂಸ್ಥೆ, ಬೇರೆಯವರ ದುಡ್ಡಿನಿಂದಲೂ ಇದನ್ನು ಮಾಡುವಂತಿಲ್ಲ ಅಂದಿತು. ಸರ್ಕಾರಗಳಿಗೆ ಈ ನಿಯಮ ಇರಲಿಲ್ಲ, ಸಂಸ್ಥೆಗಳಿಗೆ ಮಾತ್ರ. ಢಾಕಾದ ಸರ್ಕಾರವೇ ಒಪ್ಪಿಕೊಂಡ ಸೇವೆಯನ್ನು ಕೊಡಬೇಕೋ ಬೇಡವೋ ಅನ್ನುವುದು ಆ ಸಂಸ್ಥೆಗಳ ಮಟ್ಟಿಗೆ ವಾಷಿಂಗ್ಟನ್‌ನಲ್ಲಿ ತೀರ್ಮಾನವಾಯಿತು. ಈ ಸೇವೆಯ ಖರ್ಚಿಗೆ ಹೆಗಲು ಕೊಟ್ಟವರಲ್ಲಿ ಸ್ವೀಡನ್ ಮುಖ್ಯ.

ಆಮೇಲೆ ನಡೆದದ್ದನ್ನು ನೋಡಿ. 1993ರಲ್ಲಿ ಕ್ಲಿಂಟನ್ ಆ ನಿಯಮ ತೆಗೆದರು. 2001ರಲ್ಲಿ ಬುಷ್ ತಂದರು. 2009ರಲ್ಲಿ ಒಬಾಮಾ ತೆಗೆದರು. 2017ರಲ್ಲಿ ಟ್ರಂಪ್ ತಂದರು. 2021ರಲ್ಲಿ ಬೈಡನ್ ತೆಗೆದರು. 2025ರಲ್ಲಿ ಮತ್ತೆ ಟ್ರಂಪ್ ತಂದರು. ಒಂದು ಕ್ಲಿನಿಕ್ ನಡೆಸುವವರು ನರ್ಸನ್ನು ಕೆಲಸಕ್ಕೆ ಇಟ್ಟುಕೊಳ್ಳಬೇಕು, ತರಬೇತಿ ಕೊಡಬೇಕು, ಸಲಕರಣೆ ತರಿಸಬೇಕು. ಬೇರೆ ದೇಶದ ಚುನಾವಣೆಯ ಫಲಿತಾಂಶ ನೋಡಿಕೊಂಡು ಅದನ್ನೆಲ್ಲ ಮಾಡೋದು ಹೇಗೆ? ಆ ಚುನಾವಣೆಯಲ್ಲಿ ಮತ್ಲಬ್‌ನ ಹೆಂಗಸಿಗೆ ಓಟೂ ಇಲ್ಲ. ಇದು ಅನ್ಯಾಯ ಅಂತ ನೇರವಾಗಿಯೇ ಹೇಳುತ್ತೇನೆ.

ಎಲ್ಲ ಷರತ್ತೂ ಕೆಟ್ಟದ್ದಲ್ಲ. 1994ರಲ್ಲಿ ಬಾಂಗ್ಲಾದೇಶ ಹಳ್ಳಿಗಳ ಪ್ರೌಢಶಾಲೆಯ ಹುಡುಗಿಯರಿಗೆ ದೇಶದಾದ್ಯಂತ ವಿದ್ಯಾರ್ಥಿವೇತನ ಶುರುಮಾಡಿತು. ವಿಶ್ವಬ್ಯಾಂಕ್, ಏಷ್ಯನ್ ಅಭಿವೃದ್ಧಿ ಬ್ಯಾಂಕ್, ನಾರ್ವೆ ಕೈಜೋಡಿಸಿದವು. ಆರನೇ ತರಗತಿಯ ಹುಡುಗಿಗೆ ತಿಂಗಳಿಗೆ 25 ಟಾಕಾ. ದೊಡ್ಡ ಮೊತ್ತ ಏನಲ್ಲ. ಆದರೆ ಹಣ ಹೋಗುತ್ತಿದ್ದದ್ದು ಹುಡುಗಿಯ ಹೆಸರಿನ ಬ್ಯಾಂಕ್ ಖಾತೆಗೆ. ಷರತ್ತು ಮೂರು. ನೂರಕ್ಕೆ 75 ಹಾಜರಾತಿ ಇರಬೇಕು, 45 ಅಂಕ ಬರಬೇಕು, ಮದುವೆ ಆಗಿರಬಾರದು. ಕೆಲವೇ ವರ್ಷಗಳಲ್ಲಿ ಪ್ರೌಢಶಾಲೆಯಲ್ಲಿ ಹುಡುಗಿಯರು ಹುಡುಗರನ್ನು ಮೀರಿಸಿದರು. ಇದೇ ಮಾತ್ರ ಕಾರಣ ಅನ್ನಲಾರೆ, ಆದರೆ ದೊಡ್ಡ ಕಾರಣ.

ಹಾಗಾದರೆ ಬಾಲ್ಯವಿವಾಹ ನಿಂತಿತಾ? ಇಲ್ಲ. 2022ರ ಸಮೀಕ್ಷೆಯಲ್ಲೂ 20ರಿಂದ 24 ವರ್ಷದ ಹೆಂಗಸರಲ್ಲಿ ಸುಮಾರು ಅರ್ಧದಷ್ಟು ಜನಕ್ಕೆ 18 ತುಂಬುವ ಮೊದಲೇ ಮದುವೆಯಾಗಿತ್ತು. 2017ರ ಹೊಸ ಕಾನೂನು ಹುಡುಗಿಗೆ 18, ಹುಡುಗನಿಗೆ 21 ಎಂದಿದ್ದನ್ನೇ ಉಳಿಸಿಕೊಂಡಿತು, ಜೊತೆಗೆ ವಿಶೇಷ ಸಂದರ್ಭದಲ್ಲಿ ಕೋರ್ಟಿನ ಒಪ್ಪಿಗೆ ಪಡೆದು ಮೊದಲೇ ಮಾಡಬಹುದು ಅಂತ ಒಂದು ಬಾಗಿಲನ್ನೂ ತೆರೆದಿಟ್ಟಿತು. ಇಷ್ಟು ದಶಕ ನೆರವು ಹರಿದರೂ ಇಲ್ಲಿ ಯಾಕೆ ಸೋತೆವು? ನನ್ನ ಉತ್ತರ ಇಷ್ಟು. ಮಕ್ಕಳು ಎಷ್ಟು ಅನ್ನುವ ಲೆಕ್ಕ ದಾನಿಗಳಿಗೆ ಬೇಕಿತ್ತು, ಅದಕ್ಕೆ ದುಡ್ಡು ಬಂತು. ಮದುವೆ ಯಾವಾಗ, ಯಾರ ಜೊತೆ ಅಂತ ಹುಡುಗಿ ಹೇಳುವ ಹಕ್ಕಿಗೆ ಅಷ್ಟು ಒತ್ತಾಯ ಎಲ್ಲಿಂದಲೂ ಬರಲಿಲ್ಲ. ಅಪ್ಪ ಅಮ್ಮಂದಿರ ಮೇಲೆ ಸುಮ್ನೆ ತಪ್ಪು ಹೊರಿಸಿದರೂ ಆಗದು. ದಾರಿಯಲ್ಲಿ ಚುಡಾಯಿಸುವವರ ಭಯ, ವಯಸ್ಸು ಏರಿದಷ್ಟೂ ಏರುವ ವರದಕ್ಷಿಣೆ, ನೆರೆ ಬಂದು ಹೊಲ ಹೋದ ವರ್ಷದ ಸಾಲ, ಇವೆಲ್ಲ ಸೇರಿ ಮದುವೆಯ ದಿನ ಗೊತ್ತುಮಾಡುತ್ತವೆ.

ಹೆರಿಗೆಯ ವಿಷಯಕ್ಕೂ ಇದೇ ಮಾತು. ಒಂದು ಲಕ್ಷ ಹೆರಿಗೆಗೆ ತಾಯಂದಿರ ಸಾವು 2001ರಲ್ಲಿ 322 ಇದ್ದದ್ದು 2010ಕ್ಕೆ 194ಕ್ಕೆ ಬಂತು. 2016ರ ಸಮೀಕ್ಷೆಯಲ್ಲಿ 196. ಅಂದರೆ ಅಲ್ಲೇ ನಿಂತಿತ್ತು. ಇನ್ನೊಂದು ಕಡೆ, 2022ರ ಹೊತ್ತಿಗೆ ನೂರಕ್ಕೆ 45 ಹೆರಿಗೆ ಸಿಸೇರಿಯನ್, ಬಹುಪಾಲು ಖಾಸಗಿ ಆಸ್ಪತ್ರೆಗಳಲ್ಲಿ. ಕೈಯಲ್ಲಿ ದುಡ್ಡಿದ್ದವರಿಗೆ ಬೇಡದ ಆಪರೇಷನ್, ಇಲ್ಲದವರಿಗೆ ಬೇಕಾದಾಗಲೂ ಇಲ್ಲ. ಇದಕ್ಕೆ ಬೇಕಿದ್ದದ್ದು ತರಬೇತಿ ಪಡೆದ ಸೂಲಗಿತ್ತಿಯರು. ವಿಶ್ವಸಂಸ್ಥೆಯ ಜನಸಂಖ್ಯಾ ನಿಧಿ, ಸ್ವೀಡನ್ ಮೊದಲಾದವರ ನೆರವಿನಿಂದ ಮೂರು ವರ್ಷದ ಡಿಪ್ಲೊಮಾ ಶುರುವಾಯಿತು. ಕಲಿತು ಬಂದವರಿಗೆ ಸರ್ಕಾರಿ ಹುದ್ದೆಗಳೂ ಸೃಷ್ಟಿಯಾದವು. ನನಗೆ ತುಂಬಾ ಮೆಚ್ಚುಗೆಯಾದದ್ದು ಇದೇ. ನೆರವು ಶಾಲೆ ಕಟ್ಟಿತು, ಆಮೇಲೆ ಸಂಬಳದ ಜವಾಬ್ದಾರಿಯನ್ನು ದೇಶ ಹೊತ್ತುಕೊಂಡಿತು.

2025ರ ಜನವರಿಯಲ್ಲಿ ಅಮೆರಿಕ ತನ್ನ ವಿದೇಶಿ ನೆರವನ್ನು ಏಕಾಏಕಿ ತಡೆಹಿಡಿಯಿತು. ಜುಲೈ ಹೊತ್ತಿಗೆ ಅದನ್ನು ಹಂಚುತ್ತಿದ್ದ ಯುಎಸ್ಏಡ್ ಬಾಗಿಲು ಮುಚ್ಚಿತು. ದೇಶವೇ ಸಂಬಳ ಕೊಡುವ ಸೂಲಗಿತ್ತಿ ಮರುದಿನವೂ ಕೆಲಸಕ್ಕೆ ಬಂದಳು. ಯೋಜನೆಯ ಹಣದಲ್ಲಿ ದುಡಿಯುತ್ತಿದ್ದವರ ಗತಿ ಬೇರೆ. ಕಾಕ್ಸ್ ಬಜಾರ್‌ನ ಶಿಬಿರಗಳಲ್ಲಿ 2017ರ ಆಗಸ್ಟ್‌ನಿಂದ ಮ್ಯಾನ್ಮಾರ್ ಬಿಟ್ಟು ಓಡಿ ಬಂದ ಏಳು ಲಕ್ಷಕ್ಕೂ ಜಾಸ್ತಿ ರೋಹಿಂಗ್ಯಾ ಜನರಿದ್ದಾರೆ, ಮೊದಲೇ ಬಂದವರೂ ಇದ್ದಾರೆ. ಅಲ್ಲಿನ ಹೆಂಗಸರಿಗೆ ಯಾವ ದೇಶದ ಪೌರತ್ವವೂ ಇಲ್ಲ. ಅವರ ಹೆರಿಗೆ ಕೋಣೆಯ ಖರ್ಚು ಇವತ್ತಿಗೂ ನಡೆಯುವುದು ಬಹುತೇಕ ಹೊರಗಿನ ದುಡ್ಡಿನಿಂದಲೇ. ಸ್ವಂತ ಕಾಲ ಮೇಲೆ ನಿಲ್ಲಿ ಅಂತ ಢಾಕಾಗೆ ಹೇಳಬಹುದು. ಈ ಹೆಂಗಸರಿಗೆ ಹಾಗೆ ಹೇಳಲು ಬರುವುದಿಲ್ಲ. ನೆರವು ಕಡಿಮೆ ಮಾಡಲೇಬೇಕು ಅನ್ನುವ ದೇಶಗಳೂ ಆ ಹೆರಿಗೆ ಕೋಣೆಗಳನ್ನು ಮುಟ್ಟಬಾರದು, ಕನಿಷ್ಠ ಅಲ್ಲಿಯಾದರೂ ಯಾವ ಷರತ್ತನ್ನೂ ಹಾಕಬಾರದು.